ವಿದಾಯ ಹೇಳದೆ ಬಿಟ್ಟು ಬಂದ ಪಾರ್ಕುಗಳು

ನಿಮ್ಮ ಮನೆಯ ಕಪಾಟಿನಲ್ಲಿ ಗಲ್ಫ್ ಕಾಲದ ಹಳೆಯ ಆಲ್ಬಮ್ ಇದೆಯೇ? ಇದ್ದರೆ ಅದನ್ನು ಒಮ್ಮೆ ತೆರೆದು ನೋಡಿ. ಉಮ್ರಾಕ್ಕೆ ಹೋದಾಗಿನ ಫೋಟೋ, ಮಗು ಮೊದಲ ಬಾರಿ ಎದ್ದು ನಿಂತಾಗಿನ ಫೋಟೋ, ಹೊಸ ಫ್ರಿಜ್‌ನ ಪಕ್ಕ ನಿಂತ ಮನೆಯವರ ಫೋಟೋ, ಇವುಗಳ ನಡುವೆ ಇನ್ನೊಂದು ಫೋಟೋ ಸಿಕ್ಕೀತು. ಹಿಂದೆ ಜಾಯಿಂಟ್ ವ್ಹೀಲ್, ಮುಂದೆ ಸಾಲಾಗಿ ನಿಂತ ಏಳೆಂಟು ಮಕ್ಕಳು, ಬಿಸಿಲಿಗೆ ಕಿರಿದಾದ ಕಣ್ಣುಗಳು. ಆ ಮಕ್ಕಳಲ್ಲಿ ಅರ್ಧ ನಿಮ್ಮವರಲ್ಲ. ಎದುರು ಫ್ಲ್ಯಾಟಿನ ಮಲಯಾಳಿ ಕುಟುಂಬದ್ದು, ಮೇಲಿನ ಮಹಡಿಯ ಹೈದರಾಬಾದಿನವರದ್ದು, ನಮ್ಮೂರಿನವರೇ ಆದ ಇನ್ನೊಬ್ಬರದ್ದು. ಅವರ ಹೆಸರುಗಳು ಈಗ ನಿಮಗೆ ನೆನಪಿವೆಯೇ?

ಆ ಫೋಟೋದಲ್ಲಿ ಸಾಮಾನ್ಯವಾಗಿ ಉಮ್ಮ ಇರುವುದಿಲ್ಲ. ಆಕೆ ಕ್ಯಾಮರಾದ ಈಚೆ ಇರುತ್ತಾಳೆ, ಇಲ್ಲವೇ ಮಕ್ಕಳ ಚಪ್ಪಲಿ, ನೀರಿನ ಬಾಟಲಿ, ಬಿರಿಯಾನಿಯ ಡಬ್ಬ ಎಲ್ಲವನ್ನೂ ಸುತ್ತ ಇಟ್ಟುಕೊಂಡು ದೂರದ ಬೆಂಚಿನಲ್ಲಿ ಕುಳಿತಿರುತ್ತಾಳೆ.

ಮಂಗಳೂರಿನ ಬಂದರ್, ಕುದ್ರೋಳಿ, ಉಳ್ಳಾಲ, ಕೃಷ್ಣಾಪುರದ ಎಷ್ಟೋ ಮನೆಗಳ ಕತೆಯಲ್ಲಿ ಗಲ್ಫ್ ಇದೆ. ಅಲ್ಲಿನ ದುಡಿಮೆ, ತೀರಿಸಿದ ಸಾಲ, ಕಟ್ಟಿಸಿದ ಮನೆ, ಊರಿನಲ್ಲಿ ಒಂಟಿಯಾಗಿ ಉಳಿದ ಹೆಂಡತಿ, ಇವುಗಳ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಆದರೆ ಅಲ್ಲಿ ಸಂಸಾರ ಸಮೇತ ಇದ್ದವರು ವಾರಕ್ಕೊಮ್ಮೆ ನಕ್ಕು ನಲಿದ ಜಾಗದ ಬಗ್ಗೆ ಮಾತನಾಡುವವರು ಕಡಿಮೆ. ಆಟದ ಪಾರ್ಕ್ ತಾನೇ, ಅದರಲ್ಲೇನಿದೆ ಎಂದು ನಾವೇ ಬಿಟ್ಟುಬಿಡುತ್ತೇವೆ. ಅಂಥ ಜಾಗಗಳು ಒಂದೊಂದಾಗಿ ಮುಚ್ಚಿವೆ. ಅಲ್ಲಿ ಸೇರುತ್ತಿದ್ದ ಬಳಗಗಳೂ ಚದುರಿವೆ. ಹೆಚ್ಚಿನವರಿಗೆ ವಿದಾಯ ಹೇಳುವ ಅವಕಾಶವೇ ಸಿಗಲಿಲ್ಲ.

ಕುವೈತಿನಲ್ಲಿ ಇದ್ದು ಬಂದವರಿಗೆ ಎಂಟರ್‌ಟೇನ್‌ಮೆಂಟ್ ಸಿಟಿ ಎಂಬ ಹೆಸರು ಹೇಳಿದರೆ ಸಾಕು. ಅದು 1984ರಲ್ಲಿ ಕುವೈತ್ ನಗರದ ಪಶ್ಚಿಮಕ್ಕೆ ದೋಹಾ ಎಂಬಲ್ಲಿ (ಕತಾರಿನ ದೋಹಾ ಅಲ್ಲ) ಆರಂಭವಾಯಿತು. ಅರಬ್ ಲೋಕ, ಅಂತಾರಾಷ್ಟ್ರೀಯ ಲೋಕ, ಭವಿಷ್ಯದ ಲೋಕ ಎಂದು ಮೂರು ಭಾಗಗಳು. ಮರಳುಗಾಡಿನ ಅಂಚಿನಲ್ಲಿ ಅಷ್ಟು ದೊಡ್ಡ ಪಾರ್ಕ್ ಆಗ ಕೊಲ್ಲಿ ದೇಶಗಳಲ್ಲೇ ಹೊಸದು. ಮರುವರ್ಷ, 1985ರಲ್ಲಿ, ಅಬುಧಾಬಿಗೆ ಸೇರಿದ ಅಲ್ ಐನ್‌ನಲ್ಲಿ ಹಿಲಿ ಫನ್ ಸಿಟಿ ಬಂತು. ನಮ್ಮ ಕಡೆಯ ಮಕ್ಕಳು ಆ ಕಾಲದಲ್ಲಿ ಊರಿನಲ್ಲಿ ನೋಡಿದ್ದು ನೆಹರೂ ಮೈದಾನಕ್ಕೆ ಬರುತ್ತಿದ್ದ ಸರ್ಕಸ್ಸನ್ನು, ಉರೂಸಿನ ಸಂತೆಯ ಕೈಯಲ್ಲಿ ತಿರುಗಿಸುವ ತೊಟ್ಟಿಲನ್ನು. ಅಂಥ ಮಕ್ಕಳು ವಿಮಾನ ಇಳಿದು ವಾರವಾಗುವುದರೊಳಗೆ ಇಂಥ ಪಾರ್ಕಿನ ಬಾಗಿಲಲ್ಲಿ ನಿಂತರೆ ಅವರಿಗೆ ಏನನ್ನಿಸಿರಬೇಡ!

ಆದರೆ ಪಾರ್ಕಿನ ನಿಜವಾದ ಅಭಿಮಾನಿಗಳು ಮಕ್ಕಳಲ್ಲ, ಅವರ ಉಮ್ಮಂದಿರು ಎಂದೇ ನನಗೆ ಅನ್ನಿಸುವುದು. ಕಾರಣವಿದೆ. ಫ್ಲ್ಯಾಟಿನ ಬದುಕು ನಿಮಗೆ ಗೊತ್ತು. ಗಂಡ ಬೆಳಿಗ್ಗೆ ಕೆಲಸಕ್ಕೆ, ಮಕ್ಕಳು ಶಾಲೆಗೆ. ಹೊರಗೆ ಸುಡುವ ಬಿಸಿಲು, ಒಳಗೆ ಎ.ಸಿ.ಯ ಗುಂಯ್ ಸದ್ದು. ಊರಿನಲ್ಲಾದರೆ ಹಿತ್ತಿಲಿಗೆ ಬಂದರೆ ಪಕ್ಕದ ಮನೆಯವಳು ಮಾತಿಗೆ ಸಿಗುತ್ತಾಳೆ. ಅಲ್ಲಿ ಎದುರು ಬಾಗಿಲಿನವಳ ಮುಖ ನೋಡಲು ರಜೆಯ ದಿನವೇ ಬರಬೇಕು. ಶುಕ್ರವಾರ ಜುಮಾ ಮುಗಿದು, ಬಿಸಿಲು ಇಳಿದ ಮೇಲೆ ನಾಲ್ಕಾರು ಕುಟುಂಬಗಳು ಒಂದೆಡೆ ಸೇರುತ್ತಿದ್ದವು. ಒಬ್ಬಳು ಕೋಳಿ ಸುಕ್ಕ ತಂದರೆ ಇನ್ನೊಬ್ಬಳು ಪತ್ತಿರ್ ತರುತ್ತಿದ್ದಳು, ಮತ್ತೊಬ್ಬಳ ಫ್ಲಾಸ್ಕಿನಲ್ಲಿ ಸುಲೈಮಾನಿ. ಹೆರಿಗೆಗೆ ಊರಿಗೆ ಹೋಗಬೇಕೋ ಇಲ್ಲೇ ಇರಬೇಕೋ, ಮಗಳನ್ನು ಹತ್ತನೇ ತರಗತಿಗೆ ಯಾವ ಹಾಸ್ಟೆಲಿಗೆ ಸೇರಿಸುವುದು, ಅತ್ತೆಯ ಕಣ್ಣಿನ ಆಪರೇಷನ್ನಿಗೆ ಹಣ ಹೇಗೆ, ಎಲ್ಲ ತೀರ್ಮಾನಗಳೂ ಆ ಬೆಂಚಿನಲ್ಲೇ ಆಗುತ್ತಿದ್ದವು. ಜಾಯಿಂಟ್ ವ್ಹೀಲ್ ಹಿಂದೆ ಸುಮ್ಮನೆ ತಿರುಗುತ್ತಿತ್ತು.

ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಕೊಲ್ಲಿಯ ಹಲವು ಪಾರ್ಕುಗಳಲ್ಲಿ ವಾರದ ಒಂದು ದಿನವನ್ನು ಮಹಿಳೆಯರಿಗೆ ಮತ್ತು ಸಣ್ಣ ಮಕ್ಕಳಿಗೆ ಮಾತ್ರ ಮೀಸಲಿಡುವ ಪದ್ಧತಿ ಬೆಳೆಯಿತು. ಅಂದು ಗಂಡಸರಿಗೆ ಪ್ರವೇಶವಿಲ್ಲ. ಅಂಥ ದಿನ ಬ್ಯಾಗ್ ಕಾಯುವ ಉಮ್ಮ ಬೆಂಚಿನಿಂದ ಏಳುತ್ತಾಳೆ. ಬುರ್ಖಾ ಮಡಚಿಟ್ಟು ನೀರಿನ ಜಾರುಬಂಡಿಯಿಂದ ಜಾರುತ್ತಾಳೆ, ರೋಲರ್ ಕೋಸ್ಟರಿನ ಕಂಬಿ ಹಿಡಿದು ಮಕ್ಕಳಿಗಿಂತ ಜೋರಾಗಿ ಕಿರುಚುತ್ತಾಳೆ. ಯಾರು ನೋಡುತ್ತಾರೋ, ಯಾರು ಫೋಟೋ ತೆಗೆಯುತ್ತಾರೋ ಎಂಬ ಅಂಜಿಕೆಯಿಲ್ಲ. ಮೂವತ್ತು ದಾಟಿದ ಹೆಣ್ಣಿಗೆ ಆಟ ಆಡುವ ಹಕ್ಕಿದೆ ಎಂದು ನಮ್ಮ ಸಮಾಜದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ದಿನದ ಟಿಕೆಟ್ ಅದನ್ನು ಹೇಳುತ್ತಿತ್ತು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿನೊಳಗೆ ನುಗ್ಗಿತು. ಆ ಬೇಸಿಗೆಯಲ್ಲಿ ಕುವೈತಿನಲ್ಲಿದ್ದ ನಮ್ಮ ಜಿಲ್ಲೆಯವರ ಪಾಡನ್ನು ನಿಮ್ಮ ಮನೆಯ ಹಿರಿಯರು ಹೇಳಿಯೇ ಇರುತ್ತಾರೆ. ಬಸ್ಸಿನಲ್ಲಿ ಬಾಗ್ದಾದ್ ಮೂಲಕ ಜೋರ್ಡಾನಿನ ಅಮ್ಮಾನ್, ಅಲ್ಲಿ ದಿನಗಟ್ಟಲೆ ಕಾಯುವಿಕೆ, ನಂತರ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿ. ಸುಮಾರು 1,70,000 ಭಾರತೀಯರು ಹಾಗೆ ಮರಳಿದರು. ಕೈಯಲ್ಲಿ ಒಂದು ಬ್ಯಾಗ್. ಚಿನ್ನ ಬಿಟ್ಟು ಬಂದವರಿದ್ದರು, ಬ್ಯಾಂಕಿನ ಹಣ ಬಿಟ್ಟು ಬಂದವರಿದ್ದರು. ಆಲ್ಬಮ್ ತರಬೇಕೆಂದು ಯಾರಿಗೆ ತೋಚೀತು? ಎಂಟರ್‌ಟೇನ್‌ಮೆಂಟ್ ಸಿಟಿಯನ್ನೂ ಆಗ ಲೂಟಿ ಮಾಡಲಾಯಿತು. ಬೆಂಚಿನ ಬಳಗ ರಾತ್ರೋರಾತ್ರಿ ಚದುರಿತು. ಒಬ್ಬರು ಉಳ್ಳಾಲಕ್ಕೆ, ಒಬ್ಬರು ಕೋಝಿಕ್ಕೋಡಿಗೆ, ಒಬ್ಬರು ಹೈದರಾಬಾದಿಗೆ. ಆಗ ಮೊಬೈಲ್ ಇರಲಿಲ್ಲ. ಊರಿನ ವಿಳಾಸ ಬರೆದು ಕೊಟ್ಟವರು ಎಷ್ಟು ಜನ?

ಬಿಡುಗಡೆಯ ನಂತರ ಕುವೈತಿನವರು ಆ ಪಾರ್ಕನ್ನು ದುರಸ್ತಿ ಮಾಡಿ ಮತ್ತೆ ತೆರೆದರು. ನಮ್ಮವರಲ್ಲಿಯೂ ಅನೇಕರು ಮತ್ತೆ ಹೋದರು, ಹೊಸ ಬೆಂಚುಗಳಲ್ಲಿ ಹೊಸ ಬಳಗಗಳು ಕೂಡಿಕೊಂಡವು. 2016ರಲ್ಲಿ ಪಾರ್ಕ್ ಮುಚ್ಚಿತು. ಅದನ್ನು ಕೆಡವಿ ಹೊಸತಾಗಿ ಕಟ್ಟುವ ಯೋಜನೆಯ ಮಾತು ಬಂತು. ಅಷ್ಟು ಹೊತ್ತಿಗೆ ಅಲ್ಲಿ ಆಡಿ ಬೆಳೆದ ಮಕ್ಕಳೇ ತಂದೆ ತಾಯಿಯರಾಗಿದ್ದರು.

ಇಂಥ ಜಾಗಕ್ಕೆ ವಿದಾಯ ಹೇಳುವುದನ್ನು ಗಂಭೀರವಾಗಿ ತೆಗೆದುಕೊಳ್ಳುವ ಜನರೂ ಲೋಕದಲ್ಲಿದ್ದಾರೆ. ಜಪಾನಿನ ಟೋಕಿಯೋದಲ್ಲಿ ತೊಶಿಮಾಯೆನ್ ಎಂಬ ಪಾರ್ಕ್ 1926ರಿಂದ ಇತ್ತು. ಅದರಲ್ಲಿ ಎಲ್ ಡೊರಾಡೊ ಎಂಬ ಮರದ ಕುದುರೆಗಳ ರಾಟೆ. 1907ರಲ್ಲಿ ಜರ್ಮನಿಯಲ್ಲಿ ತಯಾರಾದದ್ದು. 1911ರಲ್ಲಿ ಅದು ಸಮುದ್ರ ದಾಟಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿಗೆ ಹೋಯಿತು. ಅಲ್ಲಿನ ಪಾರ್ಕ್ 1964ರಲ್ಲಿ ಮುಚ್ಚಿದಾಗ ಬಿಚ್ಚಿ ಕಟ್ಟಿ ಮೂಲೆ ಸೇರಿತು. ಮತ್ತೆ ಸಮುದ್ರ ದಾಟಿ 1971ರಲ್ಲಿ ಟೋಕಿಯೋದಲ್ಲಿ ತಿರುಗತೊಡಗಿತು. ತೊಶಿಮಾಯೆನ್‌ನವರು ಪಾರ್ಕ್ ಮುಚ್ಚುವ ದಿನವನ್ನು ಮೊದಲೇ ಸಾರಿ ಹೇಳಿದರು: 2020ರ ಆಗಸ್ಟ್ 31. ಕೊರೋನಾ ಕಾಲವಾದರೂ ಜನ ಬಂದರು. ಅಜ್ಜಿಯರು ಮೊಮ್ಮಕ್ಕಳನ್ನು ಕರೆತಂದರು, ತಾವು ಎಳವೆಯಲ್ಲಿ ಕುಳಿತ ಕುದುರೆಯ ಮೇಲೆ ಅವರನ್ನು ಕೂರಿಸಿದರು. 94 ವರ್ಷದ ಪಾರ್ಕಿಗೆ ದೀಪ ಆರಿತು. ರಾಟೆಯನ್ನು ಜೋಪಾನವಾಗಿ ಬಿಚ್ಚಿ ದಾಸ್ತಾನಿನಲ್ಲಿ ಇಟ್ಟರು. ಆ ಜಾಗದ ಒಂದು ಭಾಗದಲ್ಲಿ 2023ರಲ್ಲಿ ಹ್ಯಾರಿ ಪಾಟರ್ ಸಿನಿಮಾಗಳ ಪ್ರದರ್ಶನಾಲಯ ಬಂತು.

ಇಂಗ್ಲೆಂಡಿನ ಮಾರ್ಗೇಟ್ ಎಂಬ ಕಡಲೂರಿನಲ್ಲಿ ಇನ್ನೊಂದು ರೀತಿ. ಅಲ್ಲಿನ ಡ್ರೀಮ್‌ಲ್ಯಾಂಡ್ ಪಾರ್ಕಿನಲ್ಲಿ 1920ರ ಮರದ ರೋಲರ್ ಕೋಸ್ಟರ್ ಇದೆ. ಪಾರ್ಕ್ ಮುಚ್ಚುವ ಸುದ್ದಿ ಬಂದಾಗ ಅದರ ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಹಳೆಯ ಮಸೀದಿ, ಚರ್ಚು, ಕೋಟೆಗಳನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸುವಂತೆ 2002ರಲ್ಲಿ ಆ ಆಟದ ಕಟ್ಟಡವೂ ಪಟ್ಟಿಗೆ ಸೇರಿತು. 2008ರಲ್ಲಿ ಬೆಂಕಿ ಬಿದ್ದು ಅದರ ಒಂದು ಭಾಗ ಹಾಳಾಯಿತು. ಆದರೂ ಅವರು ಬಿಡಲಿಲ್ಲ. 2015ರಲ್ಲಿ ಪಾರ್ಕ್ ಮತ್ತೆ ತೆರೆಯಿತು. ಅಮೆರಿಕದಲ್ಲಂತೂ 1978ರಿಂದಲೇ ರೋಲರ್ ಕೋಸ್ಟರ್ ಪ್ರಿಯರ ಸಂಘವೊಂದಿದೆ. ಯಾವ ಊರಿನಲ್ಲಿ ಯಾವ ಆಟ ಯಾವ ವರ್ಷ ಶುರುವಾಯಿತು, ಯಾವಾಗ ನಿಂತಿತು ಎಂದು ಬರೆದಿಡುವುದೇ ಇಂಥ ಸಂಘಗಳ ಕೆಲವರಿಗೆ ಸಂತೋಷ. ಮೊದಲು ಕೇಳಿದಾಗ ನಗು ಬರುತ್ತದೆ, ನಿಜ. ನಮ್ಮಲ್ಲಿ ಮುಚ್ಚಿದ ಪಾರ್ಕುಗಳ ದಿನಾಂಕ ಹುಡುಕಲು ಹೊರಟರೆ ಆ ನಗು ನಿಲ್ಲುತ್ತದೆ.

ದೆಹಲಿಯ ಅಪ್ಪು ಘರ್ ನೋಡಿ. 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿ ಅಪ್ಪುವಿನ ಹೆಸರು ಹೊತ್ತು 1984ರ ನವೆಂಬರಿನಲ್ಲಿ ಪ್ರಗತಿ ಮೈದಾನದಲ್ಲಿ ಶುರುವಾದದ್ದು. ದೇಶದ ಮೊದಲ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕ್ ಎಂದು ಹೆಸರಾದದ್ದು 2008ರ ಫೆಬ್ರವರಿಯಲ್ಲಿ ಮುಚ್ಚಿತು. ನಗರದ ನಡುವಿನ ಆ ಜಾಗ ಸುಪ್ರೀಂ ಕೋರ್ಟಿನ ವಿಸ್ತರಣೆಗೆ, ಮೆಟ್ರೋಗೆ ಬೇಕಾಗಿತ್ತು.

ನಮಗೆ ಇನ್ನೂ ಹತ್ತಿರದ್ದು ಮುಂಬಯಿಯ ಎಸ್ಸೆಲ್ ವರ್ಲ್ಡ್. 1989ರಲ್ಲಿ ಗೊರಾಯಿಯಲ್ಲಿ ತೆರೆಯಿತು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫಿಗೆ ಹೋಗುವ ಮಂಗಳೂರಿನವರಿಗೆ ಮುಂಬಯಿಯೇ ಹೆಬ್ಬಾಗಿಲು. ಬಸ್ಸಿನಲ್ಲಿ, 1998ರ ನಂತರ ಕೊಂಕಣ ರೈಲಿನಲ್ಲಿ ಹೋಗಿ, ಡೋಂಗ್ರಿಯಲ್ಲೋ ಭಿಂಡಿ ಬಜಾರಿನಲ್ಲೋ ಸಂಬಂಧಿಕರ ಮನೆಯಲ್ಲಿ ವೀಸಾಕ್ಕೆ, ಟಿಕೆಟಿಗೆ ಕಾಯಬೇಕು. ಆ ಕಾಯುವ ದಿನಗಳಲ್ಲಿ ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯಬೇಕಲ್ಲ? ದೋಣಿ ಹತ್ತಿ ಕೊಲ್ಲಿ ದಾಟಿ ಆ ಪಾರ್ಕಿಗೆ ಹೋದವರು ನಿಮ್ಮಲ್ಲಿರಬಹುದು. ಮರುದಿನ ಅಬ್ಬ ವಿಮಾನ ಹತ್ತಿದರೆ ಮತ್ತೆ ಎರಡು ವರ್ಷ ಬರುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತಿರುತ್ತಿತ್ತು. ಕೋವಿಡ್ ನಂತರದ ವರ್ಷಗಳಲ್ಲಿ ಆ ಪಾರ್ಕ್ ಇಲ್ಲವಾಯಿತು.

ಪಾರ್ಕುಗಳು ಯಾಕೆ ಮುಚ್ಚುತ್ತವೆ? ಕಾರಣಗಳು ಸರಳ. ಊರ ಹೊರಗೆ ಅಗ್ಗದ ಜಾಗದಲ್ಲಿ ಕಟ್ಟಿದ ಪಾರ್ಕಿನ ಸುತ್ತ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಊರು ಬೆಳೆಯುತ್ತದೆ, ಆಟಕ್ಕಿಂತ ನೆಲದ ಬೆಲೆ ಹೆಚ್ಚುತ್ತದೆ. ಯಂತ್ರಗಳು ಸವೆಯುತ್ತವೆ, ಪ್ರತಿ ದಿನ ಬೆಳಿಗ್ಗೆ ಬೋಲ್ಟು ಬೋಲ್ಟು ಪರೀಕ್ಷಿಸುವ ಖರ್ಚು ಏರುತ್ತದೆ. ಬಿಡಿಭಾಗ ತಯಾರಿಸಿದ ಕಂಪೆನಿಯೇ ಇರುವುದಿಲ್ಲ. ಹೊಸ ಪಾರ್ಕ್ ಬಂದರೆ ಹಳೆಯದು ಮಂಕಾಗುತ್ತದೆ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಆಗಿ ಶುರುವಾದದ್ದು ಮುಚ್ಚಲಿಲ್ಲ, ಹೆಸರು ಮಾತ್ರ ವಂಡರ್‌ಲಾ ಆಯಿತು. ಅದೇ ಮಾಲಿಕರ ಬೆಂಗಳೂರಿನ ಪಾರ್ಕ್ 2005ರಲ್ಲಿ ಬಿಡದಿಯ ಬಳಿ ತೆರೆಯಿತು. ನಮ್ಮ ಕಾಲೇಜು ಮಕ್ಕಳ ಟೂರುಗಳು ಹೊರಡುವುದು ಅತ್ತಲೇ.

ಪಾರ್ಕ್ ಮುಚ್ಚದಿದ್ದರೂ ನಾವೇ ಬಿಟ್ಟು ಬರುವುದುಂಟು. ಸೌದಿಯಲ್ಲಿದ್ದವರಿಗೆ 2017 ನೆನಪಿರಬೇಕು. ಆ ವರ್ಷದ ಜುಲೈಯಿಂದ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಮೂರು ಮಕ್ಕಳಿದ್ದರೆ ತಿಂಗಳಿಗೆ 1,600 ರಿಯಾಲ್. ಇಕಾಮ ನವೀಕರಿಸುವಾಗ ವರ್ಷದ್ದನ್ನು ಮುಂಗಡವಾಗಿ ಕಟ್ಟಬೇಕಿತ್ತು. ಸಣ್ಣ ಸಂಬಳದವರು ಏನು ಮಾಡಿಯಾರು? ಎಷ್ಟೋ ಕುಟುಂಬಗಳು ಕ್ಯಾನ್ಸಲ್ ಮಾಡಿಕೊಂಡು ಊರಿಗೆ ಬಂದವು.

ಆ ದಿನಗಳ ಗಡಿಬಿಡಿ ನಿಮಗೆ ಗೊತ್ತು. ಕಾರ್ಗೋ ಪೆಟ್ಟಿಗೆ, ಶಾಲೆಯ ಟಿ.ಸಿ., ಮಾರಬೇಕಾದ ಸೋಫಾ, ಯಾರಿಗೆ ಯಾವ ಉಡುಗೊರೆ ಎಂಬ ಪಟ್ಟಿ. ಈ ಎಲ್ಲದರ ನಡುವೆ ಒಂಬತ್ತು ವರ್ಷದ ಮಗ ಬಂದು, ‘ಉಮ್ಮಾ, ಇನ್ನೊಮ್ಮೆ ಪಾರ್ಕಿಗೆ ಹೋಗೋಣ್ವಾ?’ ಎಂದರೆ ಗದರಿಸಿ ಕಳುಹಿಸುವವರೇ ಹೆಚ್ಚು. ‘ಊರಲ್ಲಿ ಬೀಚ್ ಇದೆ, ಪಿಲಿಕುಳ ಇದೆ, ಗಡ್‌ಬಡ್ ಐಸ್‌ಕ್ರೀಂ ಕೊಡಿಸ್ತೇನೆ’ ಎಂದು ಸಮಾಧಾನ. ಆದರೆ ಯೋಚಿಸಿ. ನಾವು ಹಿಂತಿರುಗಿದ್ದು ನಮ್ಮ ಊರಿಗೆ. ಅಲ್ಲೇ ಹುಟ್ಟಿ ಬೆಳೆದ ಮಗುವಿಗೆ ಮಂಗಳೂರು ರಜೆಯಲ್ಲಿ ಬಂದು ಹೋಗುವ ಅಜ್ಜಿಮನೆ ಮಾತ್ರ. ಅವನ ಊರೆಂದರೆ ಆ ಫ್ಲ್ಯಾಟಿನ ಮೆಟ್ಟಿಲು, ಆ ಬಕಾಲಾ, ಆ ಪಾರ್ಕ್, ಪಾರ್ಕಿನ ಸಾಲಿನಲ್ಲಿ ಕೈ ಹಿಡಿದು ನಿಲ್ಲುತ್ತಿದ್ದ ಪಾಕಿಸ್ತಾನಿ ಗೆಳೆಯ. ನಮ್ಮ ದೃಷ್ಟಿಯಲ್ಲಿ ಅವನು ಊರಿಗೆ ಬರುತ್ತಿದ್ದಾನೆ. ಅವನ ದೃಷ್ಟಿಯಲ್ಲಿ ಊರು ಬಿಡುತ್ತಿದ್ದಾನೆ. ಮುಂದೆ ಇಲ್ಲಿಯ ಶಾಲೆಯಲ್ಲಿ ಕನ್ನಡ ಬಾರದೆ ಮೂಲೆಯಲ್ಲಿ ಕುಳಿತಾಗ ಅವನು ನೆನೆಯುವುದು ಆ ಸಂಜೆಗಳನ್ನೇ.

ಆದ್ದರಿಂದ ಕ್ಯಾನ್ಸಲ್ ಮಾಡಿ ಬರಲು ಸಿದ್ಧತೆಯಲ್ಲಿರುವ ಸಹೋದರಿಯರಿಗೆ ನನ್ನ ಸಲಹೆ: ಒಂದು ಸಂಜೆ ತೆಗೆದಿಡಿ. ‘ಇದು ಕೊನೆಯ ಸಲ’ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ಬೇಸರ ಮಾಡಿಕೊಂಡಾರೆಂದು ಮುಚ್ಚಿಡಬೇಡಿ. ಹೇಳದೆ ಕರೆತಂದ ಬೇಸರ ಹೆಚ್ಚು ದಿನ ಉಳಿಯುತ್ತದೆ. ಅವರ ಗೆಳೆಯರನ್ನೂ ಕರೆಯಿರಿ. ಫೋಟೋ ತೆಗೆದ ಮೇಲೆ ಒಂದನ್ನಾದರೂ ಪ್ರಿಂಟ್ ಹಾಕಿಸಿ ಹಿಂಭಾಗದಲ್ಲಿ ಎಲ್ಲರ ಹೆಸರು, ಅವರ ಊರು, ತಾರೀಕು ಬರೆಯಿರಿ. ಫೋನಿನಲ್ಲಿದೆಯಲ್ಲ ಎನ್ನಬೇಡಿ. ಫೋನ್ ಬದಲಾಗುತ್ತದೆ, ಅಲ್ಲಿನ ಸಿಮ್ ಸತ್ತ ದಿನ ಆ ನಂಬರಿಗೆ ಜೋಡಿಸಿದ್ದೆಲ್ಲ ಕೈತಪ್ಪಬಹುದು. ಮತ್ತೆ, ಆ ಫೋಟೋದಲ್ಲಿ ನೀವೂ ನಿಲ್ಲಿ. ಕ್ಯಾಮರಾವನ್ನು ಯಾರ ಕೈಗಾದರೂ ಕೊಡಿ.

ಇನ್ನು ಬೆಂಚಿನ ಬಳಗದ ವಿಷಯ. ಆ ಬಳಗ ಈಗ ವಾಟ್ಸ್ಆ್ಯಪ್‌ನಲ್ಲಿ ಇದೆ ಎನ್ನುತ್ತೀರಿ. ಇದೆಯೇ? ಮೊದಲ ವರ್ಷ ದಿನಕ್ಕೆ ನೂರು ಸಂದೇಶ. ಎರಡನೇ ವರ್ಷ ಈದ್ ಮುಬಾರಕ್. ಮೂರನೇ ವರ್ಷ ಯಾರೋ ಕಳಿಸಿದ ಫಾರ್ವರ್ಡ್, ಕೆಳಗೆ ಉತ್ತರವಿಲ್ಲ. ಒಂದು ದಿನ ‘ಲೆಫ್ಟ್’ ಎಂಬ ಬೂದು ಬಣ್ಣದ ಸಾಲು. ಜಗಳವಿಲ್ಲ, ಮುನಿಸಿಲ್ಲ, ಸುಮ್ಮನೆ ಆರಿಹೋಯಿತು. ಹತ್ತು ಹದಿನೈದು ವರ್ಷ ಒಬ್ಬರ ಹೆರಿಗೆಗೆ ಒಬ್ಬರು ಆದವರು, ಮಯ್ಯಿತ್ ಊರಿಗೆ ಕಳಿಸುವಾಗ ಹಣ ಕೂಡಿಸಿದವರು ಇಷ್ಟು ಸದ್ದಿಲ್ಲದೆ ಮುಗಿಯಬೇಕೇ? ಮುಗಿಯಲೇಬೇಕಾದರೆ ಟೋಕಿಯೋದವರಂತೆ ದಿನ ಗೊತ್ತು ಮಾಡಿ ಮುಗಿಸುವುದು ಮೇಲು. ಯಾರಾದರೂ ಒಬ್ಬರು ಧ್ವನಿ ಸಂದೇಶ ಹಾಕಲಿ: ಇಂಥ ದಿನ ಈ ಗ್ರೂಪನ್ನು ನಿಲ್ಲಿಸೋಣ, ಅಷ್ಟರೊಳಗೆ ನಿಮ್ಮಲ್ಲಿರುವ ಹಳೆಯ ಫೋಟೋ ಹಾಕಿ, ಊರಿನ ವಿಳಾಸ ಹಾಕಿ, ಯಾರ ಮೇಲಾದರೂ ನೋವಿದ್ದರೆ ಕ್ಷಮಿಸಿಬಿಡಿ. ಹೀಗೆ ಕೇಳಿದಾಗ ಮೂರು ವರ್ಷದಿಂದ ಮಾತಾಡದವಳೂ ಬಾಯಿ ಬಿಡುತ್ತಾಳೆ. ಕೆಲವೊಮ್ಮೆ ಗ್ರೂಪ್ ನಿಲ್ಲುವುದೂ ಇಲ್ಲ.

ಕೊನೆಯದಾಗಿ ನಮ್ಮ ಕರಾವಳಿಯ ಪಾರ್ಕುಗಳನ್ನು ನಡೆಸುವವರಿಗೆ ಒಂದು ಕೋರಿಕೆಯಿದೆ. ಇದನ್ನು ಓದುವ ನೀವು ಅವರ ಕಿವಿಗೆ ಹಾಕಿದರೆ ಒಳ್ಳೆಯದು. ಗಲ್ಫಿನಿಂದ ಬಂದ ಸಹೋದರಿಯರು ಅಲ್ಲಿ ಬಿಟ್ಟು ಬಂದದ್ದರಲ್ಲಿ ಮಹಿಳೆಯರ ಆ ಒಂದು ದಿನವೂ ಸೇರಿದೆ. ನಮ್ಮಲ್ಲಿ ಆ ಪದ್ಧತಿ ಬೇರೂರಲಿಲ್ಲ. ಇಲ್ಲಿ ಮಕ್ಕಳಿಗೆ ನೀರಿನಾಟ, ಗಂಡನಿಗೂ ನೀರಿನಾಟ, ಉಮ್ಮನಿಗೆ ಮತ್ತೆ ಬ್ಯಾಗು. ಒದ್ದೆ ಬಟ್ಟೆಯಲ್ಲಿ ಅಪರಿಚಿತರ ನಡುವೆ ನಡೆಯಲು ಹಿಂಜರಿಯುವವರು ಮುಸ್ಲಿಂ ಹೆಂಗಸರು ಮಾತ್ರವೂ ಅಲ್ಲ, ಎಲ್ಲ ಸಮುದಾಯಗಳ ತಾಯಂದಿರಿಗೂ ಈ ಸಂಕೋಚವಿದೆ. ಜನ ಕಡಿಮೆ ಇರುವ ಒಂದು ವಾರದ ದಿನ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ, ಮಹಿಳಾ ಸಿಬ್ಬಂದಿಯನ್ನಿಟ್ಟು, ಮೊಬೈಲ್ ಕ್ಯಾಮರಾ ಹೊರಗಿಡಿಸಿ ತಿಂಗಳಿಗೊಮ್ಮೆ ನಡೆಸಿ ನೋಡಲಿ. ಟಿಕೆಟ್ ಎಷ್ಟು ಹೋಗುತ್ತದೆಂದು ಅವರಿಗೇ ತಿಳಿಯುತ್ತದೆ.